ಗಾಳಿ ಖಾತೆಯ ಮಂತ್ರಿ

"ಕೆಳಗೆ ಹೇಳಿದ್ಯಾ, ಇಲ್ವಾ?"

ಹೆಂಡತಿ ದೊಯ್ನಾ ಕೇಳಿದಾಗ ಲೆಯೊಂತಿನ್ ಕಿಟಕಿಯ ಕೆಳಗಿನ ರೇಡಿಯೇಟರಿನ ಮುಂದೆ ಮೊಣಕಾಲೂರಿ ಕೂತು, ಅದರ ಮೇಲ್ತುದಿಯ ಪುಟ್ಟ ತಿರುಪಿಗೆ ಹಿತ್ತಾಳೆಯ ಕೀಲಿ ಸಿಕ್ಕಿಸಿ, ಕೆಳಗೊಂದು ಗಾಜಿನ ಜಾಡಿ ಹಿಡಿದಿದ್ದ. ಕೀಲಿಯನ್ನು ಕಾಲು ಸುತ್ತು ತಿರುಗಿಸುತ್ತಲೇ ಸುಯ್ ಎಂದು ಗಾಳಿ ಹೊರಟಿತು. ಬೇಸಿಗೆಯಿಡೀ ಕಬ್ಬಿಣದ ಹೊಟ್ಟೆಯೊಳಗೆ ಸಿಕ್ಕಿಕೊಂಡಿದ್ದ ಗಾಳಿ. ತುಕ್ಕು, ಹಳಸಲು ನೀರು, ನೆಲಮಾಳಿಗೆಯ ಮಣ್ಣು ಎಲ್ಲ ಸೇರಿದ ಒಂದು ವಾಸನೆ. ಲೆಯೊಂತಿನ್‌ಗೆ ಆ ವಾಸನೆ ಇಷ್ಟ. ಅವನಿಗೆ ಅಕ್ಟೋಬರ್ ಎಂದರೆ ಅದೇ.

"ನಿನ್ನನ್ನೇ ಕೇಳ್ತಿರೋದು, ಗೋಡೇನಲ್ಲ."

"ಶ್ಶ್. ನೀರು ಬರೋ ಹೊತ್ತು."

ಗಾಳಿಯ ಸದ್ದು ತಗ್ಗಿತು. ಕೊಳವೆ ಎರಡು ಸಲ ಕೆಮ್ಮಿತು. ಆಮೇಲೆ ಜಾಡಿಯೊಳಕ್ಕೆ ಕಪ್ಪು ನೀರು ಪಿಚಕ್ಕನೆ ಹಾರಿ, ಕ್ರಮೇಣ ತೆಳುವಾದ ಎಳೆಯಾಗಿ ಇಳಿಯತೊಡಗಿತು. ಅವನು ಕಿರುಬೆರಳನ್ನು ಎಳೆಗೆ ಅಡ್ಡ ಹಿಡಿದು ಕಾದ. ನೀರು ಉಗುರು ಬೆಚ್ಚಗಾದದ್ದು ಗೊತ್ತಾದ ಮೇಲೆ ತಿರುಪು ಬಿಗಿದು, ಕೀಲಿಯ ಹಿಡಿಯಿಂದ ಕೊಳವೆಯ ಮೇಲೆ ಟಣ್ ಟಣ್ ಎಂದು ಎರಡು ಸಲ ಬಡಿದ. ಕೆಳಗಿನಿಂದ ಯಾರೂ ಮರಳಿ ಬಡಿಯಲಿಲ್ಲ. ಈಚಿನ ವರ್ಷಗಳಲ್ಲಿ ಯಾರೂ ಬಡಿಯುತ್ತಿರಲಿಲ್ಲ, ಆದರೂ ಅವನು ಒಂದು ಕ್ಷಣ ಕಿವಿಗೊಟ್ಟ.

"ಗುರುವಾರ ಬೆಳಿಗ್ಗೆ ಅವರು ಬರ್ತಾರೆ," ದೊಯ್ನಾ ಹೇಳಿದಳು. ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. "ಇವತ್ತು ಮಂಗಳವಾರ. ಬಾಯ್ಲರ್ ತಂದು ಅಡುಗೆಮನೆ ಗೋಡೆಗೆ ನೇತುಹಾಕಿ, ಈ ಹಳೇ ಪೈಪನ್ನ ಕತ್ತರಿಸಿ ಬಾಯಿ ಮುಚ್ತಾರೆ. ಆಮೇಲೆ ಹೋಗಿ ಹೇಳ್ತೀಯಾ?"

"ಹೇಳ್ತೀನಿ."

"ಯಾವಾಗ?"

"ಗಾಳಿ ಬಿಟ್ಟ ಮೇಲೆ ಕೆಳಗೆ ಹೋಗೇ ಹೋಗ್ತೀನಲ್ಲ. ಆಗ."

"ಹೋದ ವರ್ಷವೂ ಹೀಗೇ ಅಂದೆ. ಹೋಗಿ ಕುಂಬಳಕಾಯಿ ಕಡುಬು ತಿಂದ್ಕೊಂಡು ಬಂದೆ. ಹನ್ನೊಂದು ವರ್ಷದಿಂದ ನಿನ್ನ ಮಂತ್ರಿಗಿರಿಗೋಸ್ಕರ ನಾನು ಮನೆಯೊಳಗೆ ಟೋಪಿ ಹಾಕ್ಕೊಂಡು ಟೀವಿ ನೋಡ್ತಿದೀನಿ, ಲೆಯೊಂತಿನ್. ಸಾಕು ನನಗೆ."

ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಊರಿನ ಬಾಯ್ಲರ್‌ಮನೆಯಿಂದ ಬರುವ ಬಿಸಿನೀರು ಆ ಕಟ್ಟಡದ ನೆಲಮಾಳಿಗೆಯಿಂದ ಒಂದೇ ಕೊಳವೆಯಲ್ಲಿ ಹತ್ತಿ, ಒಂದರ ಮೇಲೊಂದಿರುವ ಐದು ಮನೆಗಳ ದೊಡ್ಡ ಕೋಣೆಗಳನ್ನು ಹಾಯ್ದು ಬರಬೇಕು. ಗಾಳಿ ಅದಕ್ಕಿಂತ ಮುಂಚೆಯೇ ಮೇಲೇರಿ ಕೂತಿರುತ್ತದೆ. ಎಲ್ಲಕ್ಕಿಂತ ಮೇಲಿನ ನಾಲ್ಕನೇ ಮಹಡಿಯ ಮನೆ ಲೆಯೊಂತಿನ್‌ನದು. ಅವನು ಗಾಳಿ ಬಿಡುವ ತನಕ ನೀರು ಸುತ್ತು ಹಾಕುವುದಿಲ್ಲ, ಕೆಳಗಿನ ನಾಲ್ಕು ಮನೆಗಳಲ್ಲಿ ಯಾರೂ ಕೋಟು ಬಿಚ್ಚುವುದಿಲ್ಲ. ಎಂಬತ್ತನೇ ಇಸವಿಯಲ್ಲಿ ಎಲ್ಲರೂ ಒಟ್ಟಿಗೆ ಒಕ್ಕಲು ಬಂದಾಗ, ಎರಡನೇ ಮಹಡಿಯ ರೆಮುಸ್ ಅವನಿಗೆ "ಗಾಳಿ ಖಾತೆಯ ಮಂತ್ರಿ" ಎಂದು ಹೆಸರಿಟ್ಟ. ಆ ಹೆಸರು ಮೆಟ್ಟಿಲ ತುಂಬ ಹಬ್ಬಿತು. ಎನಾಮೆಲ್ ಪಾತ್ರೆಗಳ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಲ್ಲುವ ನೂರಾರು ಜನರಲ್ಲಿ ಅವನೂ ಒಬ್ಬ. ಆದರೆ ವರ್ಷಕ್ಕೊಂದು ದಿನ ಅವನು ಮಂತ್ರಿ.

ಆ ದಿನ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಐದೂ ಮನೆಯ ಬಾಗಿಲು ತೆರೆದಿರುತ್ತಿದ್ದವು. ಅವನು ಮೇಲೆ ಗಾಳಿ ಬಿಟ್ಟು ಎರಡು ಸಲ ಬಡಿದರೆ, ಮೂರನೆಯ ಮಹಡಿಯವರು ಚಮಚದಿಂದ, ರೆಮುಸ್ ತಾನು ಹೊಗೆ ಸೇದುವ ಪೈಪಿನ ಬುಡದಿಂದ, ಕೆಳಗಿನವರು ಕೈಗೆ ಸಿಕ್ಕಿದ್ದರಿಂದ ತಿರುಗಿ ಬಡಿಯುವರು. ಆಮೇಲೆ ಹೆಗಲಿಗೊಂದು ಬಟ್ಟೆ ಹಾಕಿಕೊಂಡು ಒಂದೊಂದೇ ಮನೆಗಿಳಿದು, ರೇಡಿಯೇಟರಿನ ಮೇಲೆ ಅಂಗೈಯಿಟ್ಟು, ವೈದ್ಯನ ಹಾಗೆ ತಲೆದೂಗಿ, ಅವರು ಕೊಟ್ಟ ಪ್ಲಮ್ ಸಾರಾಯಿ ಕುಡಿದು ಮುಂದಿನ ಮನೆಗೆ. ನೆಲಮಹಡಿ ಮುಟ್ಟುವ ಹೊತ್ತಿಗೆ ಮಂತ್ರಿಗಳಿಗೆ ಮೆಟ್ಟಿಲು ಎರಡೆರಡಾಗಿ ಕಾಣುತ್ತಿದ್ದವು. ದೊಯ್ನಾ ಬಂದು ತೋಳು ಹಿಡಿದು ಮೇಲೆ ಕರೆದೊಯ್ಯುವಳು, ದಾರಿಯುದ್ದಕ್ಕೂ ಬೈಯುತ್ತ, ನಗುತ್ತ.

ಹಳೇ ಸರ್ಕಾರ ಬಿದ್ದು ಕಾಲ ಬದಲಾದ ಮೇಲೆ ಒಬ್ಬೊಬ್ಬರೇ ಸ್ವಂತ ಬಾಯ್ಲರ್ ಹಾಕಿಸಿಕೊಂಡರು. ಅಡುಗೆಮನೆಯಲ್ಲೊಂದು ಬಿಳಿ ಪೆಟ್ಟಿಗೆ, ಗೋಡೆಯಾಚೆಗೊಂದು ತಗಡಿನ ಮೂಗು. ಮೊದಲು ಮೂರನೆಯ ಮಹಡಿ, ಆಮೇಲೆ ನೆಲಮಹಡಿ, ಆಮೇಲೆ ಒಂದನೆಯದು. ಕಡೆಗೆ ಕೊಳವೆಗೆ ಜೋತುಬಿದ್ದವರು ಇಬ್ಬರೇ ಉಳಿದರು. ನಾಲ್ಕನೆಯಲ್ಲಿ ಇವರು, ಎರಡನೆಯಲ್ಲಿ ರೆಮುಸ್‌ನ ಹೆಂಡತಿ ಹೊರ್ತೆನ್ಸಿಯಾ. ರೆಮುಸ್ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇಬ್ಬರಿಗೋಸ್ಕರ ಮೇಲೇರುವ ನೀರಿಗೆ ಕಾವೂ ಇರಲಿಲ್ಲ, ಉಮೇದೂ ಇರಲಿಲ್ಲ. ಮಗಳು ಕ್ರಿನಾ ಬಂದಾಗಲೆಲ್ಲ ತಾಯಿಯ ಕೈ ಮುಟ್ಟಿ ನೋಡಿ ತಂದೆಯನ್ನು ಗದರುತ್ತಿದ್ದಳು. ಈ ಸಲ ಅವಳೇ ಬಾಯ್ಲರ್ ಗೊತ್ತುಮಾಡಿ ದಿನವನ್ನೂ ನಿಗದಿ ಮಾಡಿಬಿಟ್ಟಿದ್ದಳು.

ಲೆಯೊಂತಿನ್ ಜಾಡಿಯ ಕಪ್ಪು ನೀರನ್ನು ಬಚ್ಚಲಿಗೆ ಚೆಲ್ಲಿ ಬಂದು ಅಂಗಿ ಬದಲಿಸಿದ.

"ನೀನೂ ಬಾ," ಎಂದ. "ಇಬ್ಬರೂ ಹೋಗಿ ಹೇಳೋಣ."

"ನಾನ್ಯಾಕೆ? ಅವಳು ನಿನ್ನ ಪ್ರಜೆ, ನನ್ನ ಪ್ರಜೆ ಅಲ್ಲ."

"ಆ ಮನೇಲಿ ಏಳು ವಾರ ಇದ್ದವಳು ನೀನು."

ದೊಯ್ನಾ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ಆ ಮಾತು ಬಂದಾಗಲೆಲ್ಲ ಅವಳು ಹೀಗೇ ಎದ್ದುಹೋಗುತ್ತಾಳೆ ಎಂಬುದು ಅವನಿಗೆ ಗೊತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಹೆಂಗಸರಿಬ್ಬರ ನಡುವೆ ಜಗಳವೇನೂ ಇಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಹಬ್ಬದ ಶುಭಾಶಯ ಹೇಳಿಕೊಳ್ಳುತ್ತಾರೆ. ರೆಮುಸ್‌ನ ಸಾವಿನಲ್ಲಿ ದೊಯ್ನಾ ಮೂರು ದಿನ ಅವರ ಮನೆಯ ಪಾತ್ರೆ ತೊಳೆದಳು. ಆದರೆ ಒಂದು ಕಾಫಿಗೆಂದು, ಸುಮ್ಮನೆ ಹರಟೆಗೆಂದು, ಆ ಹೊಸ್ತಿಲು ದಾಟಿದ್ದನ್ನು ಅವನು ಕಂಡಿಲ್ಲ.

ಮೆಟ್ಟಿಲಿಳಿಯುತ್ತ ಅವನಿಗೆ ಎಂಬತ್ತೈದನೇ ಇಸವಿಯ ಚಳಿ ನೆನಪಾಯಿತು. ನೆಲ ಅಗೆದರೆ ಗ್ಯಾಸ್ ಸಿಗುವ ಮೆದಿಯಾಶ್ ಊರಿನಲ್ಲಿ ಸರ್ಕಾರದ ಕಡಿತದಿಂದಾಗಿ ಆ ವರ್ಷ ಒಲೆಗೆ ಗ್ಯಾಸ್ ಇರಲಿಲ್ಲ. ತರ್ನಾವಾ ನದಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿತ್ತು. ಕ್ರಿನಾ ದಿನ ತುಂಬುವ ಮುಂಚೆಯೇ ಜನವರಿಯಲ್ಲಿ ಹುಟ್ಟಿದಳು, ಎರಡು ಬ್ರೆಡ್ಡಿನಷ್ಟು ತೂಕ. ಆಸ್ಪತ್ರೆಯಿಂದ ಮನೆಗೆ ತಂದ ದಿನ ನಾಲ್ಕನೇ ಮಹಡಿಯ ಕೋಣೆಯಲ್ಲಿ ಮೇಜಿನ ಮೇಲಿನ ನೀರಿಗೆ ಪೊರೆಗಟ್ಟಿತ್ತು. ಕೊಳವೆಯಲ್ಲಿ ನೀರೇರುವಷ್ಟು ಒತ್ತಡವೇ ಇರಲಿಲ್ಲ. ಕೀಲಿ ತಿರುಗಿಸಿದರೆ ಒಂದು ನಿಟ್ಟುಸಿರು, ಅಷ್ಟೆ. ಆಗ ಹೊರ್ತೆನ್ಸಿಯಾ ಮೇಲೆ ಬಂದಳು. ಮಗುವನ್ನು ಕಂಬಳಿ ಸಮೇತ ಎತ್ತಿಕೊಂಡು, "ನಡಿಯೇ ಹುಡುಗಿ," ಎಂದು ದೊಯ್ನಾಳನ್ನೂ ಕರೆದುಕೊಂಡು ಇಳಿದುಹೋದಳು. ಅವರದು ಕಟ್ಟಡದ ನಟ್ಟನಡುವಿನ ಮನೆ. ಅಷ್ಟೋ ಇಷ್ಟೋ ಬೆಚ್ಚಗಿನದು. ಗಂಡಹೆಂಡತಿ ಅಡುಗೆಮನೆಯ ನೆಲದ ಮೇಲೆ ಮಲಗಿ, ದೊಡ್ಡ ಕೋಣೆಯನ್ನು ತಾಯಿ ಮಗುವಿಗೆ ಬಿಟ್ಟುಕೊಟ್ಟರು. ಲೆಯೊಂತಿನ್ ಒಬ್ಬನೇ ಮೇಲೆ ಕೋಟು ಬೂಟು ಟೋಪಿ ಹಾಕಿಕೊಂಡು ಮಲಗುತ್ತಿದ್ದ. ಸಂಜೆ ಕೆಳಗೆ ಬಂದು ಸೂಪು ಕುಡಿದು, ಮಗುವಿನ ಮೂಗಿನ ತುದಿ ಮುಟ್ಟಿ ನೋಡಿ ಹೋಗುತ್ತಿದ್ದ.

ಆ ಮನೆಯ ಕೊಳವೆಯನ್ನು ತಾನು ಕತ್ತರಿಸುವುದು ಹೇಗೆ? ಹನ್ನೊಂದು ವರ್ಷ ಅವನು ದೊಯ್ನಾಗೆ ಏನೇನೋ ನೆಪ ಹೇಳಿದ್ದ. ಬಾಯ್ಲರ್ ಸಿಡಿಯುತ್ತದೆ, ಗ್ಯಾಸಿನ ವಾಸನೆ, ಇನ್ನೊಂದು ವರ್ಷ ನೋಡೋಣ. ನಿಜ ಕಾರಣ ಇದೊಂದೇ. ಮೇಲ್ತುದಿ ಹೋದರೆ ಇಡೀ ಕೊಳವೆಯೇ ಸತ್ತಂತೆ.

ಎರಡನೇ ಮಹಡಿಯ ಬಾಗಿಲು ತೆರೆದೇ ಇತ್ತು.

"ಬನ್ನಿ ಮಂತ್ರಿಗಳೇ, ಬನ್ನಿ," ಹೊರ್ತೆನ್ಸಿಯಾ ಅಡುಗೆಮನೆಯಿಂದಲೇ ಕೂಗಿದಳು. "ಬಿಸಿ ಬಂತು ಕಣೋ, ಚೆನ್ನಾಗಿ ಬಂತು. ನಿನ್ನ ಹೊಟ್ಟೆ ತಣ್ಣಗಿರಲಿ."

ಎಂಬತ್ತರ ಮುದುಕಿ. ಗಾಜಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಟಗಳಿಗೆ ಹೂಬಳ್ಳಿ ಕೊರೆದ ಕೈ ಈಗ ಚೂರು ನಡುಗುತ್ತಿತ್ತು. ಅಕ್ಕನ ಸಮಾನಳೆಂದು ಲೆಯೊಂತಿನ್ ಅವಳನ್ನು ಹಳ್ಳಿಯ ಕಡೆಯ ರೂಢಿಯಂತೆ ಲೆಲೆ ಎನ್ನುತ್ತಿದ್ದ. ಒಲೆಯೊಳಗೆ ಕಡುಬು ಬೇಯುತ್ತಿತ್ತು. ಅಡುಗೆಮನೆ ಬೆಚ್ಚಗೆ, ಕಿಟಕಿಯ ಗಾಜಿನ ಮೇಲೆ ಹಬೆ. ರೆಮುಸ್ ಹೋದ ಮೇಲೆ ಅವಳು ಅವನನ್ನು ಅಡುಗೆಮನೆಯಲ್ಲೇ ಕೂರಿಸುವುದು ವಾಡಿಕೆ. ಒಂಟಿ ಹೆಂಗಸಿನ ಕೋಣೆಗೆ ನುಗ್ಗುವುದು ಅವನಿಗೂ ಸರಿಕಾಣುತ್ತಿರಲಿಲ್ಲ. ಬಿಸಿ ಬಂತು ಎಂದು ಅವಳು ಹೇಳುವಳು, ಅವನು ನಂಬುವನು.

"ಕೂತ್ಕೋ. ಯಾಕೋ ಮುಖ ಸಪ್ಪಗಿದೆ? ದೊಯ್ನಾ ಬೈದಳಾ?"

"ಅವಳು ಯಾವತ್ತು ಬೈಯಲ್ಲ, ಲೆಲೆ?"

"ಬೈಯ್ಯೋರು ಇರಬೇಕು ಕಣೋ. ಮನೆ ಬೆಚ್ಚಗಿರುತ್ತೆ." ಅವಳು ತಟ್ಟೆಯಲ್ಲಿ ಕಡುಬು ಕತ್ತರಿಸಿಟ್ಟಳು. ಸಕ್ಕರೆ ಪುಡಿ ಉದುರಿಸುವಾಗ ಅರ್ಧ ಮೇಜಿನ ಮೇಲೆ ಬಿತ್ತು. "ತಿನ್ನು. ಆಮೇಲೆ ಹೇಳು ಅದೇನು ಹೇಳೋಕ್ ಬಂದಿದೀಯೋ."

ಅವನು ಒಂದು ತುಂಡು ಬಾಯಿಗಿಟ್ಟುಕೊಂಡ. ತುಂಬಿದ ಬಾಯಿಯಲ್ಲೇ ಹೇಳಿಬಿಟ್ಟ.

"ಗುರುವಾರ ಬಾಯ್ಲರ್ ಹಾಕಿಸ್ತಿದೀವಿ ಲೆಲೆ. ಕ್ರಿನಾ ಗೊತ್ತು ಮಾಡಿದಾಳೆ. ದೊಯ್ನಾಗೆ ಮೈಕೈ ನೋವು, ಚಳಿ ತಡ್ಯೋಕಾಗಲ್ಲ. ಪೈಪು ಕತ್ತರಿಸ್ತಾರೆ. ಆಮೇಲೆ ನಿಮಗೆ... ನಾನು ಕೇಳಿದೆ, ನಿಮಗೂ ಒಂದು ಸಣ್ಣದು ಹಾಕಿಸಬಹುದಂತೆ. ನಾನೇ ನಿಂತು ಹಾಕಿಸ್ತೀನಿ. ಚಳಿ ಜೋರಾಗೋ ಮುಂಚೆ. ಅಲ್ಲೀತನಕ ನೀವು ನಮ್ಮ ಮನೇಲಿ ಬಂದಿರಿ. ನಿಮ್ಮನ್ನ ಚಳೀಲಿ ಬಿಟ್ಟು ನಾವು ಬೆಚ್ಚಗಿರೋ ಜನ ಅಲ್ಲ. ಆ ಏಳು ವಾರ ನಾನು ಮರೆತಿಲ್ಲ."

ಹೊರ್ತೆನ್ಸಿಯಾ ಒಲೆಯ ಉರಿ ಆರಿಸಿದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಒರೆಸುತ್ತಲೇ ಇದ್ದಳು.

"ನೀನು ನನಗೋಸ್ಕರ ಹಾಕಿಸದೇ ಇದ್ದದ್ದಾ?" ಎಂದಳು ಕೊನೆಗೆ. "ಇಷ್ಟು ವರ್ಷ?"

"ಮತ್ತೆ?"

"ನಿನಗೆ ಆ ಕೆಲಸ ಇಷ್ಟ, ಅದಕ್ಕೇ ಬಿಡೋಕಾಗ್ತಿಲ್ಲ ಅಂದ್ಕೊಂಡಿದ್ದೆನಲ್ಲೋ."

"ಇಷ್ಟ ಇಲ್ಲ ಅಂತಲ್ಲ..."

"ಎದ್ದೇಳು," ಎಂದಳು ಅವಳು. "ಬಾ ಇಲ್ಲಿ."

ದೊಡ್ಡ ಕೋಣೆಯ ಬಾಗಿಲು ತಳ್ಳಿದಳು. ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಮಂಚದ ಮೇಲೆ ಹಾಸಿಗೆ ಮಡಿಸಿಟ್ಟಿತ್ತು. ಕಿಟಕಿಯ ಕೆಳಗೆ, ರೇಡಿಯೇಟರ್ ಇರಬೇಕಾದಲ್ಲಿ, ಸುಣ್ಣ ಕಾಣದ ಬೂದು ಗೋಡೆಯ ಒಂದು ಚೌಕವಿತ್ತು. ನೆಲದಿಂದ ಬಂದ ಕೊಳವೆಯ ಕವಲುಗಳೆರಡಕ್ಕೂ ಮುಚ್ಚಳ ಬಿಗಿದಿತ್ತು. ಅದರ ಮುಂದೆ ಈರುಳ್ಳಿಯ ಬುಟ್ಟಿ.

ಲೆಯೊಂತಿನ್ ಹೋಗಿ ಬಗ್ಗಿ ಆ ಮುಚ್ಚಳಗಳನ್ನು ಮುಟ್ಟಿ ನೋಡಿದ. ಒಳ್ಳೆಯ ಕೆಲಸ. ಯಾರೋ ಗೊತ್ತಿದ್ದವರೇ ಮಾಡಿದ್ದರು.

"ಎಷ್ಟು ದಿನ ಆಯ್ತು?"

"ಆರು ಚಳಿಗಾಲ. ಸೋರಿ ಸೋರಿ ನೆಲದ ಹಲಗೆ ಕೊಳೀತಿತ್ತು. ಅಣ್ಣನ ಮಗ ಬಂದು ಬಿಚ್ಚಿ ಒಯ್ದ. ನಾನು ಅಡುಗೆಮನೇಲೇ ಮಲಗ್ತೀನಿ, ಒಲೆ ಇದೆಯಲ್ಲ. ನನಗೇನೂ ತೊಂದರೆ ಇಲ್ಲ."

"ಆರು ವರ್ಷದಿಂದ ನಾನು ಯಾರಿಗೆ ಗಾಳಿ ಬಿಡ್ತಿದೀನಿ ಹಾಗಾದ್ರೆ? ಬಿಸಿ ಬಂತು ಕಣೋ, ಚೆನ್ನಾಗಿ ಬಂತು ಅಂತ ಹೇಳ್ತಿದ್ರಲ್ಲ!" ಅವನ ದನಿ ಏರಿತು. "ದೊಯ್ನಾ ಅಲ್ಲಿ ಟೋಪಿ ಹಾಕ್ಕೊಂಡು ಕೂತಿದಾಳೆ! ಒಂದು ಮಾತು ಹೇಳೋದಕ್ಕೇನಾಗಿತ್ತು?"

"ಹೇಳಿದ್ರೆ ನೀನು ಕತ್ತರಿಸ್ತಿದ್ದೆ ಅಂತ ನನಗೆ ಗೊತ್ತಿರಲಿಲ್ಲ. ನಾನೂ ಬಿಟ್ಟೆ ಅಂತಾದ್ರೆ ಊರಿನವರು ಒಬ್ಬನಿಗೋಸ್ಕರ ನೀರು ಕಳಿಸಲ್ಲ, ನಿಮ್ಮ ಮನೆ ಬಿಸಿ ನನ್ನಿಂದ ಹೋಗುತ್ತೆ ಅಂದ್ಕೊಂಡೆ." ಅವಳು ಮಂಚದ ಅಂಚಿಗೆ ಕೂತಳು. "ಇನ್ನೊಂದು ಸಲ ನಿಮ್ಮ ಬಿಸಿ ಕಸಿಯೋದು ನನ್ನಿಂದಾಗಲ್ಲ ಅನ್ನಿಸ್ತು."

"ಇನ್ನೊಂದು ಸಲ ಅಂದ್ರೆ?"

ಹೊರಗೆ ಮಕ್ಕಳು ಚೆಂಡನ್ನು ಗೋಡೆಗೆ ಒದೆಯುತ್ತಿದ್ದ ಸದ್ದು ಕೇಳುತ್ತಿತ್ತು. ಅವಳು ಅದು ನಿಲ್ಲಲಿ ಎಂದು ಕಾಯುವವಳಂತೆ ಕಿಟಕಿಯತ್ತ ನೋಡಿದಳು. ಅದು ನಿಲ್ಲಲಿಲ್ಲ.

"ಆ ಮಾರ್ಚಲ್ಲಿ ನೀನು ಒಂದು ವಾರ ಒದ್ದಾಡಿದ್ಯಲ್ಲ," ಎಂದಳು. "ಗಾಳಿ ಹೋಯ್ತು, ನೀರು ಬಂತು, ಆದ್ರೆ ತಣ್ಣೀರು ಬಂತು ಅಂತ. ಎಷ್ಟು ವರ್ಷ ಎಲ್ಲರ ಹತ್ರಾನೂ ಹೇಳಿದೀಯಾ ಆ ಕಥೆ."

ಹೇಳದೆ ಇರುತ್ತಾನೆಯೇ? ಆ ಕೆಲಸದಲ್ಲಿ ಅವನಿಗೆ ಅರ್ಥವಾಗದೆ ಉಳಿದದ್ದು ಅದೊಂದೇ. ಮಾರ್ಚ್ ಮೊದಲಲ್ಲಿ ಒತ್ತಡ ಮರಳಿ ಬಂದು, ಊರಿನ ಎಲ್ಲ ಕಟ್ಟಡಗಳೂ ಬೆಚ್ಚಗಾಗಿದ್ದವು. ಇವನ ಕೊಳವೆ ಮಾತ್ರ ಇಲ್ಲ. ದಿನಾ ಸಂಜೆ ಕೀಲಿ ತಿರುಗಿಸುವನು. ಗಾಳಿ ಸರಾಗ ಹೋಗುವುದು, ನೀರು ಬರುವುದು, ಕೈಗೆ ಮಾತ್ರ ಮಂಜಿನಂತೆ ತಣ್ಣಗೆ. ತನ್ನ ಹಳೆಯ ಕೀಲಿಯೇ ಸರಿಯಿಲ್ಲ, ತಿರುಪು ಪೂರ್ತಿ ತೆರೆಯುತ್ತಿಲ್ಲ ಎಂದುಕೊಂಡು ಲೇತಿನ ಮೇಲೆ ಹಿತ್ತಾಳೆಯ ಹೊಸದೊಂದನ್ನು ಕಡೆದು ತಂದಿದ್ದ. ಎಂಟನೆಯ ದಿನ ಬಿಸಿ ತಾನಾಗಿಯೇ ಬಂತು. ಹೊಸ ಕೀಲಿಯ ಮಹಿಮೆ ಎಂದು ಎಲ್ಲರೂ ಕೊಂಡಾಡಿದರು.

"ನೆಲಮಾಳಿಗೇಲಿ ನೀರು ತಡೆಯೋ ಚಕ್ರ ತಿರುಗಿಸಿದ್ದು ನಾನು," ಹೊರ್ತೆನ್ಸಿಯಾ ಹೇಳಿದಳು. "ನಮ್ಮ ಪೈಪಿನ ಚಕ್ರ ಯಾವುದು ಅಂತ ನೀನೇ ರೆಮುಸ್‌ಗೆ ತೋರಿಸಿದ್ದೆ. ನಾನು ಪೀಪಾಯಿಯಿಂದ ಉಪ್ಪಲ್ಲಿಟ್ಟ ಎಲೆಕೋಸು ತರೋಕೆ ಅಂತ ಇಳಿದೆ. ದೊಯ್ನಾ ಹಾಲಿನ ಸಾಲಲ್ಲಿ ನಿಂತಿದ್ಲು. ಬಿಸಿ ಬಂತು, ನಾಳೆ ನಾವು ಮೇಲೆ ಹೋಗ್ತೀವಿ ಲೆಲೆ, ಅಂತ ಬೆಳಿಗ್ಗೆ ಹೇಳಿದ್ಲು. ಅದನ್ನ ಕೇಳಿ ನನ್ನ ಕಾಲು ತಾನಾಗೇ ಕೆಳಗೆ ಹೋಯ್ತು. ಪೂರ್ತಿ ಮುಚ್ಚಲಿಲ್ಲ. ಎರಡನೇ ಮಹಡಿ ತನಕ ಚೂರು ಬರೋ ಹಾಗೆ, ಮೇಲೆ ಮುಟ್ಟದ ಹಾಗೆ. ರೆಮುಸ್‌ಗೂ ಹೇಳಲಿಲ್ಲ. ಅವನು ಹೋಗೋ ತನಕ ಹೇಳಲಿಲ್ಲ."

ಲೆಯೊಂತಿನ್ ಗೋಡೆಗೆ ಬೆನ್ನುಕೊಟ್ಟು ನಿಂತ.

"ನಿಂಗೆ ಗೊತ್ತಲ್ಲ, ನನ್ನ ಎರಡು ಮಕ್ಕಳೂ ಹೊಟ್ಟೇಲೇ ಹೋದವು. ಆಮೇಲೆ ಆಗ್ಲಿಲ್ಲ. ಆ ಮಗು ಈ ಮಂಚದ ಮೇಲೆ, ಇಲ್ಲಿ, ಈ ಕಡೆ ಮಲಗ್ತಿತ್ತು. ಬೆಳಗಿನ ಜಾವ ಅತ್ತರೆ ನಾನೇ ಎತ್ಕೊಳ್ತಿದ್ದೆ, ಪಾಪ ಅವಳು ಮಲಗಲಿ ಅಂತ. ಪಾಪ ಅಂತಲೂ ಅಲ್ಲ. ಎತ್ಕೊಳ್ಳೋಕೆ. ನೀನು ಪ್ರತಿ ಸಲ ಬಂದು ಏಳು ವಾರ, ಏಳು ವಾರ, ಉಪಕಾರ ಅಂತೀಯ. ಆರು ವಾರ ಚಳೀದು ಕಣೋ. ಏಳನೇದು ನನ್ನದು. ನಾನು ಕದ್ದದ್ದು."

"ನಾನು ಹೊಸ ಕೀಲಿ ಮಾಡಿದೆ," ಎಂದ ಲೆಯೊಂತಿನ್.

"ಗೊತ್ತು. ತಂದು ತೋರಿಸಿದ್ದೆ. ನಾನು ಚೆನ್ನಾಗಿದೆ ಅಂದೆ."

ಆ ವಾರ ಸಂಜೆ ಸೂಪು ಕುಡಿಯಲು ಬಂದಾಗ ತನ್ನ ತಟ್ಟೆಯಲ್ಲಿ ಮಾಂಸದ ಚೂರುಗಳಿರುತ್ತಿದ್ದದ್ದು ಅವನಿಗೆ ನೆನಪಾಯಿತು. ಮಾಂಸ ಕಣ್ಣಿಗೆ ಬೀಳದ ವರ್ಷ. ಎಲ್ಲಿ ಸಿಕ್ಕಿತು ಎಂದು ರೆಮುಸ್‌ನನ್ನು ಕೇಳಿದಾಗ ಅವನೂ ತನ್ನ ತಟ್ಟೆ ನೋಡಿಕೊಂಡು ಹುಬ್ಬೇರಿಸಿದ್ದ. ಅವನ ತಟ್ಟೆಯಲ್ಲಿ ಬರೀ ಆಲೂಗಡ್ಡೆ.

"ಮತ್ತೆ ಯಾಕೆ ತೆರೆದ್ರಿ?"

"ನಕ್ಕಿತು." ಹೊರ್ತೆನ್ಸಿಯಾ ಅಂಗೈಯಿಂದ ಹಾಸಿಗೆಯ ಮಡಿಕೆ ನೇವರಿಸಿದಳು. "ಎಂಟನೇ ದಿನ. ಕಿಟಕಿ ಹತ್ರ ಹಿಡ್ಕೊಂಡಿದ್ದೆ. ನನ್ನ ಮುಖ ನೋಡಿ ನಕ್ಕಿತು. ಮೊದಲನೇ ಸಲ. ಅದನ್ನ ಮಂಚದ ಮೇಲಿಟ್ಟು, ಸುತ್ತ ದಿಂಬಿಟ್ಟು, ಬರಿಗಾಲಲ್ಲೇ ಓಡಿಹೋಗಿ ಚಕ್ರ ತಿರುಗಿಸಿಬಿಟ್ಟೆ."

ಅವನು ಅಡುಗೆಮನೆಗೆ ಮರಳಿ ತನ್ನ ತಟ್ಟೆಯ ಮುಂದೆ ಕೂತ. ಕಡುಬಿನ ಉಳಿದ ತುಂಡನ್ನು ಪೂರ್ತಿ ತಿಂದ, ಬಿಡುವುದಕ್ಕೆ ಮನಸ್ಸಾಗಲಿಲ್ಲ. ಹೊರ್ತೆನ್ಸಿಯಾ ಎದುರಿಗೆ ಕೂತು ಅವನು ತಿನ್ನುವುದನ್ನೇ ನೋಡಿದಳು. ಹೊರಡುವಾಗ ಅವನು ಬಾಗಿಲ ಬಳಿ ನಿಂತು, "ಗುರುವಾರ ಧೂಳಾಗುತ್ತೆ, ಸದ್ದಾಗುತ್ತೆ. ಹೆದರ್ಕೋಬೇಡಿ," ಎಂದ.

"ದೊಯ್ನಾಗೆ ಹೇಳ್ತೀಯಾ?"

"ಗೊತ್ತಿಲ್ಲ, ಲೆಲೆ."

"ಹೇಳು," ಎಂದಳು. "ನನಗೆ ಧೈರ್ಯ ಸಾಲಲಿಲ್ಲ."

ಮೂರನೇ ಮಹಡಿಯ ತಿರುವಿನಲ್ಲಿ ಅವನು ಕಂಬಿ ಹಿಡಿದು ನಿಂತ. ಮೂವತ್ತೆಂಟರ ಒಬ್ಬ ಗಂಡಸು ಕೋಟು ತೊಟ್ಟು ಖಾಲಿ ಮನೆಯಲ್ಲಿ ಮೊಣಕಾಲೂರಿ, ಏಳು ಸಂಜೆ ಏಳು ಜಾಡಿ ತಣ್ಣೀರು ಹಿಡಿದದ್ದು ಕಣ್ಣಿಗೆ ಕಟ್ಟಿತು. ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನ ಹಿಂದೆಯೇ, ಆ ಮೂವತ್ತೆಂಟರ ಮನುಷ್ಯ ಕೆಳಗಿಳಿದು ಬಂದಾಗ ಬಾಗಿಲು ತೆರೆಯುತ್ತಿದ್ದ ರೆಮುಸ್, ಹಬೆಯಾಡುವ ಸೂಪು, ಎಲ್ಲರೂ ಒಂದೇ ಮೇಜಿನ ಸುತ್ತ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದದ್ದು ಬಂತು. ಆಮೇಲಿನ ಯಾವ ವರ್ಷವೂ ಅಷ್ಟು ಜನ ಅಷ್ಟು ಹತ್ತಿರ ಕೂತದ್ದಿಲ್ಲ. ಮೇಲೆ ಬಿಸಿ ಬಂತು ಎಂದು ಗೊತ್ತಾದ ದಿನ, ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಮೆಟ್ಟಿಲು ಹತ್ತುವಾಗ, ತನಗೂ ಯಾಕೋ ಖುಷಿ ಪೂರ್ತಿಯಾಗಿ ಆಗಿರಲಿಲ್ಲ. ಅದು ಈಗ ನೆನಪಾಯಿತು.

ದೊಯ್ನಾ ಅಡುಗೆಮನೆಯಲ್ಲಿ ಅವರೆ ಕಾಳು ಹಸನು ಮಾಡುತ್ತಿದ್ದಳು. "ಹೇಳಿದ್ಯಾ?" ಎಂದಳು.

ಅವನು ಎಲ್ಲವನ್ನೂ ಹೇಳಿದ.

ರೇಡಿಯೇಟರಿನ ಮಾತು ಬಂದಾಗ ಅವಳು "ಅಯ್ಯೋ, ಮುದುಕಿ!" ಎಂದು ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಚಕ್ರದ ಮಾತು ಬಂದಾಗ ನಗು ನಿಂತಿತು. ಕಾಳುಗಳ ಮೇಲೆ ಓಡಾಡುತ್ತಿದ್ದ ಬೆರಳುಗಳೂ ನಿಂತವು.

"ಯಾವ ವಾರ ಅದು?"

"ಮಾರ್ಚ್ ಎರಡನೇ ವಾರ. ಕೊನೇ ವಾರ, ನೀವಿಬ್ಬರೂ ಮೇಲೆ ಬಂದದ್ದಕ್ಕೆ ಮುಂಚಿನದು."

"ಕ್ರಿನಾ ನಕ್ಕ ವಾರ."

"ಹೌದು. ಅದನ್ನೂ ಹೇಳಿದ್ಲು."

ದೊಯ್ನಾ ಒಂದು ಕಾಳನ್ನು ಮೊರದ ಅಂಚಿಗೆ ಸರಿಸಿದಳು. "ನಾನು ಹಾಲಿನ ಸಾಲಲ್ಲಿದ್ದೆ," ಎಂದಳು. "ಮೂರು ಗಂಟೆ ನಿಂತು ಅರ್ಧ ಲೀಟರ್ ತಂದೆ. ಬಾಗಿಲು ತೆಗೀತಾ ಇದ್ದ ಹಾಗೆ, ನಕ್ಕಳು ಕಣೇ ಹುಡುಗಿ, ನನ್ನ ನೋಡಿ ನಕ್ಕಳು, ಅಂತ ಹೇಳಿದ್ಲು. ಅವಳ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು. ನಾನು ಹಾಲಿನ ಬಾಟಲಿ ಹಿಡ್ಕೊಂಡು ನಿಂತಿದ್ದೆ. ನನ್ನ ಮಗಳ ಮೊದಲನೇ ನಗು ನಾನು ನೋಡಲಿಲ್ಲ, ಇವಳು ನೋಡಿದ್ಲು. ಅಷ್ಟು ಮಾಡಿದವಳ ಮೇಲೆ ಇಂಥಾದ್ದಕ್ಕೆ ಮುನಿಸ್ಕೊಂಡ್ರೆ ದೇವರು ಮೆಚ್ಚಲ್ಲ ಅಂತ ನನಗೆ ನಾನೇ ಬೈಕೊಂಡೆ. ಮೂವತ್ಮೂರು ವರ್ಷ ಬೈಕೊಂಡಿದೀನಿ. ನಾನೆಂಥಾ ಸಣ್ಣ ಮನಸ್ಸಿನವಳು ಅಂತ."

"ನೀನು ಯಾವತ್ತೂ ಹೇಳಲಿಲ್ಲ."

"ಏನಂತ ಹೇಳ್ಲಿ? ಮಗೂನ ಉಳಿಸಿಕೊಟ್ಟವಳು ಅವಳು."

ಕಾಳಿನ ಮೊರವನ್ನು ಮೇಜಿನ ಮೇಲೆ ತಳ್ಳಿ ಎದ್ದಳು. ನಲ್ಲಿಯಲ್ಲಿ ಕೈ ತೊಳೆದುಕೊಂಡು, ಕೂದಲು ಸರಿಮಾಡಿಕೊಂಡು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಚಪ್ಪಲಿ ಕಳಚಿ ಹೊರಗೆ ಹೋಗುವ ಬೂಟು ಹಾಕಿಕೊಳ್ಳತೊಡಗಿದಳು. ಎರಡು ಮಹಡಿ ಇಳಿಯುವುದಕ್ಕೆ ಯಾರೂ ಬೂಟು ಹಾಕುವುದಿಲ್ಲ.

"ಎಲ್ಲಿಗೆ?"

"ಕೆಳಗೆ."

"ದೊಯ್ನಾ, ಜಗಳ ಆಡ್ಬೇಡ. ಎಂಬತ್ತು ವರ್ಷ ಆಯ್ತು ಅವಳಿಗೆ."

"ಅವಳ ವಯಸ್ಸು ನನಗೆ ಗೊತ್ತು."

"ಏನು ಹೇಳ್ತೀಯ?"

ಅವಳು ಲೇಸು ಕಟ್ಟುವುದನ್ನು ಮುಗಿಸಿ ಅವನ ಮುಖ ನೋಡಿದಳು. ಬಾಗಿಲು ತೆಗೆದು ಹೊರಟಳು.

ಹೊರಗೆ ಕತ್ತಲಾಗುತ್ತಿತ್ತು. ಆ ಕಟ್ಟಡದ ಮೆಟ್ಟಿಲ ದೀಪ ಗುಂಡಿ ಒತ್ತಿದರೆ ಒಂದು ನಿಮಿಷ ಉರಿದು ತಾನೇ ಆರಿಹೋಗುತ್ತದೆ. ಲೆಯೊಂತಿನ್ ಬಾಗಿಲಾಚೆ ಬಂದು ಗುಂಡಿ ಒತ್ತಿದ. ದೊಯ್ನಾಳ ಬೂಟಿನ ಸದ್ದು ಒಂದೊಂದೇ ಮೆಟ್ಟಿಲಾಗಿ ಇಳಿಯಿತು, ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ಗಳಿಗೆ ನಿಂತು ಮತ್ತೆ ಇಳಿಯಿತು. ಎರಡನೆಯದರಲ್ಲಿ ಬಾಗಿಲು ತಟ್ಟಿದ್ದು ಕೇಳಿಸಿತು. ಬಾಗಿಲು ತೆರೆಯಿತು. ಮಾತೇನೂ ಕೇಳಿಸಲಿಲ್ಲ. ಬಾಗಿಲು ಮುಚ್ಚಿದ ಸದ್ದೂ ಬರಲಿಲ್ಲ.

ದೀಪ ಆರಿತು. ಅವನು ಕತ್ತಲಲ್ಲಿ ಗೋಡೆ ತಡವಿ ಮತ್ತೆ ಗುಂಡಿ ಒತ್ತಿದ. ಕಂಬಿಯ ಮೇಲೆ ಬಾಗಿ ಕೆಳಗೆ ನೋಡಿದ. ಕಾಣುತ್ತಿದ್ದದ್ದು ಖಾಲಿ ಮೆಟ್ಟಿಲು ಮಾತ್ರ. ಮತ್ತೊಂದು ನಿಮಿಷಕ್ಕೆ ದೀಪ ಆರಿತು, ಅವನು ಮತ್ತೆ ಒತ್ತಿದ. ಆಮೇಲೆ ಒಳಗಿನಿಂದ ಸ್ಟೂಲು ತಂದು, ಕೈಗೆ ಗುಂಡಿ ಎಟುಕುವಷ್ಟು ಹತ್ತಿರ ಹಾಕಿಕೊಂಡು ಕೂತ.